ಫೆಬ್ರುವರಿಯಲ್ಲಿ ಕಾಣದ ತಪ್ಪು ಏಪ್ರಿಲ್‌ನಲ್ಲಿ ಕಂಡದ್ದು ಹೇಗೆ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಟೆಕ್ಸಾಸ್‌ಗೆ ಬಂದು ಹದಿನೆಂಟು ವರ್ಷವಾಯಿತು. ಮಗಳು ಇಲ್ಲಿನ ಕಾಲೇಜು ಸಾಫ್ಟ್‌ಬಾಲ್ ತಂಡದಲ್ಲಿ ಮೊದಲ ವರ್ಷದ ಪಿಚರ್, ಎಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವಳು; ಬಲಗೈಯವಳು. ಫೆಬ್ರುವರಿಯಿಂದ ಹನ್ನೊಂದು ಪಂದ್ಯಗಳಲ್ಲಿ ಪಿಚ್ ಮಾಡಿದಳು, ಒಬ್ಬ ಅಂಪೈರ್ ಕೂಡ ತುಟಿ ಬಿಚ್ಚಲಿಲ್ಲ. ಏಪ್ರಿಲ್‌ನ ಒಂದು ಪಂದ್ಯದ ಆರನೇ ಇನ್ನಿಂಗ್‌ನಲ್ಲಿ ಮೂರನೇ ಬೇಸಿನ ಅಂಪೈರ್ ಬೆನ್ನುಬೆನ್ನಿಗೆ ಮೂರು ಸಲ ‘ಇಲ್ಲೀಗಲ್ ಪಿಚ್’ (ನಿಯಮ ಮೀರಿದ ಎಸೆತ) ಎಂದರು. ಅವಳ ಕೈ ನಡುಗಿತು, ಪಂದ್ಯ ಕೈಬಿಟ್ಟಿತು. ಎದುರು ತಂಡದ ಹುಡುಗಿ ಎರಡೂ ಕಾಲು ನೆಲ ಬಿಟ್ಟು ಹಾರಿಯೇ ಎಸೆಯುತ್ತಿದ್ದಳು, ಅವಳಿಗೆ ಯಾರೂ ಏನೂ ಅನ್ನಲಿಲ್ಲ. ಹಾರಬಾರದು ಎಂದು ನಾವು ಹತ್ತು ವರ್ಷದಿಂದ ಕೇಳಿಕೊಂಡು ಬಂದಿದ್ದೇವೆ. ಇದು ಪಕ್ಷಪಾತವಲ್ಲವೇ? ನಾವು ಏನು ಮಾಡಬೇಕು? ಗ್ಯಾಲರಿಯಿಂದ ತೆಗೆದ ವಿಡಿಯೊ ಕಳಿಸಿದ್ದೇನೆ.

ಉತ್ತರ: ನಿಮ್ಮ ವಿಡಿಯೊವನ್ನು ನಿಧಾನಗತಿಯಲ್ಲಿ ಹತ್ತಾರು ಸಲ ನೋಡಿದೆ. ಸುತ್ತಿಬಳಸದೆ ಹೇಳುತ್ತೇನೆ. ಆ ಮೂರರಲ್ಲಿ ಮೊದಲ ಎರಡು ಪಿಚ್ ಖಂಡಿತ ಇಲ್ಲೀಗಲ್. ಮೂರನೆಯದರಲ್ಲಿ ಮೂರನೇ ಬೇಸಿನ ಕೋಚ್ ಅಡ್ಡ ಬಂದಿರುವುದರಿಂದ ಕಾಲು ಕಾಣುವುದಿಲ್ಲ. ಎದುರು ತಂಡದ ಹುಡುಗಿ ಹಾರಿದ್ದೂ ನಿಜ, ಆದರೆ ಅದು ಈಗ ತಪ್ಪಲ್ಲ. ಆದ್ದರಿಂದ ಆ ಅಂಪೈರ್ ಪಕ್ಷಪಾತ ಮಾಡಿದರು ಎಂದು ನಾನು ಹೇಳಲಾರೆ. ಹಾಗಿದ್ದೂ ನಿಮ್ಮ ಮಗಳಿಗೆ ಅನ್ಯಾಯವಾಗಿದೆ ಎಂದೇ ನನ್ನ ಅಭಿಪ್ರಾಯ. ಅದನ್ನು ಮಾಡಿದವರು ಹಿಂದಿನ ಹನ್ನೊಂದು ಪಂದ್ಯಗಳಲ್ಲಿ ಅದೇ ಕಾಲನ್ನು ನೋಡಿಕೊಂಡು ಸುಮ್ಮನಿದ್ದವರು.

ಈ ಆಟ ಹೊಸದಾದ ಓದುಗರಿಗಾಗಿ ನಾಲ್ಕು ಮಾತು. ಕಾಲೇಜು ಹುಡುಗಿಯರ ಸಾಫ್ಟ್‌ಬಾಲ್‌ನಲ್ಲಿ ಪಿಚರ್ ನಿಲ್ಲುವುದು ಬ್ಯಾಟರ್ ಎದುರಿನ ಹೋಮ್ ಪ್ಲೇಟಿನಿಂದ 43 ಅಡಿ ದೂರದಲ್ಲಿ. ಬೇಸ್‌ಬಾಲ್‌ನಲ್ಲಿ ಅದು 60 ಅಡಿ 6 ಅಂಗುಲ. ಅವಳ ಕಾಲಡಿಯಲ್ಲಿ 24 ಅಂಗುಲ ಉದ್ದ, 6 ಅಂಗುಲ ಅಗಲದ ಬಿಳಿ ರಬ್ಬರ್ ಪಟ್ಟಿ ಹುದುಗಿರುತ್ತದೆ. ಎಲ್ಲರೂ ಅದನ್ನು ‘ರಬ್ಬರ್’ ಎಂದೇ ಕರೆಯುವುದು. ಬಲಗೈ ಪಿಚರ್‌ಗೆ ಬಲಗಾಲು ಪಿವಟ್ ಕಾಲು, ಎಂದರೆ ಒದ್ದು ತಳ್ಳುವ ಕಾಲು; ಅದು ರಬ್ಬರಿನ ಮೇಲಿರಬೇಕು. ಎರಡೂ ಕೈ ಒಮ್ಮೆ ಕೂಡಬೇಕು, ಆಮೇಲೆ ಬಿಡಿಸಿ, ತೋಳನ್ನು ಗಾಳಿಗಿರಣಿಯ ಹಾಗೆ ಸುತ್ತಿಸಿ, ಸೊಂಟದ ಪಕ್ಕದಿಂದ ಚೆಂಡು ಬಿಡಬೇಕು. ಮುಂದಿಡುವ ಎಡಗಾಲು ರಬ್ಬರಿನ 24 ಅಂಗುಲ ಉದ್ದದ ನೇರಕ್ಕೇ ಬೀಳಬೇಕು. ಇದರಲ್ಲಿ ಯಾವುದು ತಪ್ಪಿದರೂ ಇಲ್ಲೀಗಲ್ ಪಿಚ್. ಕೈ ಕೂಡಿತೋ ಇಲ್ಲವೋ ಎಂಬುದನ್ನು ಗ್ಯಾಲರಿಯಲ್ಲಿ ಕೂತವರೂ ಹೇಳಬಲ್ಲರು. ಜಗಳವೆಲ್ಲ ಆಗುವುದು ಪಿವಟ್ ಕಾಲಿನ ಮೇಲೆ.

ಆ ಕಾಲು ಎರಡು ಬಗೆಯಲ್ಲಿ ದಾರಿ ತಪ್ಪುತ್ತದೆ. ಒಂದು, ಲೀಪ್. ರಬ್ಬರನ್ನು ಒದ್ದು ಮುಂದೆ ಚಿಮ್ಮುವಾಗ ಪಿವಟ್ ಕಾಲೂ ನೆಲ ಬಿಡುತ್ತದೆ, ಒಂದು ಕ್ಷಣ ಎರಡೂ ಪಾದ ಗಾಳಿಯಲ್ಲಿರುತ್ತವೆ. ಇನ್ನೊಂದು, ಕ್ರೋ ಹಾಪ್. ಹೆಸರೇ ಹೇಳುವ ಹಾಗೆ ಕಾಗೆ ಕುಪ್ಪಳಿಸಿದಂತೆ. ಪಿವಟ್ ಕಾಲು ರಬ್ಬರ್ ಬಿಟ್ಟು ಮುಂದೆ ಹಾರಿ, ಅಲ್ಲಿ ಮತ್ತೆ ನೆಲಕ್ಕೆ ಊರಿ, ಆ ಹೊಸ ಜಾಗದಿಂದ ಇನ್ನೊಮ್ಮೆ ತಳ್ಳುತ್ತದೆ. ಇದನ್ನೇ ರೀಪ್ಲಾಂಟ್ ಎನ್ನುವುದು. ನಾನು ‘ಮತ್ತೆ ಕಾಲೂರುವುದು’ ಎಂದು ಹೇಳಿಕೊಡುತ್ತೇನೆ, ಮಕ್ಕಳಿಗೆ ಬೇಗ ಹತ್ತುತ್ತದೆ.

ನೀವು ಹತ್ತು ವರ್ಷ ಕೇಳಿಕೊಂಡು ಬಂದದ್ದು ಸುಳ್ಳಲ್ಲ. ಅಮೆರಿಕದ ಕಾಲೇಜು ಆಟವನ್ನು ನಡೆಸುವ ಎನ್‌ಸಿಎಎ 2023ರವರೆಗೆ ಎರಡನ್ನೂ ನಿಷೇಧಿಸಿತ್ತು. ಪಿವಟ್ ಕಾಲಿನ ಬೆರಳತುದಿ ಮಣ್ಣಿನಲ್ಲಿ ಎಳೆದುಕೊಂಡೇ ಬರಬೇಕು ಎನ್ನುವುದು ಆಗಿನ ಪಾಠ. 2024ರ ಋತುವಿನಿಂದ ಲೀಪ್‌ಗೆ ಅನುಮತಿ ಸಿಕ್ಕಿತು: ಎರಡೂ ಪಾದ ನೆಲ ಬಿಡಬಹುದು, ಮತ್ತೆ ಕಾಲೂರಿ ಎರಡನೇ ಸಲ ತಳ್ಳುವ ಹಾಗಿಲ್ಲ. ಹೈಸ್ಕೂಲುಗಳ ರಾಷ್ಟ್ರೀಯ ನಿಯಮಪುಸ್ತಕವೂ 2025ರಲ್ಲಿ ಇದೇ ದಾರಿ ಹಿಡಿಯಿತು. ಗಂಡಸರ ಅಂತರರಾಷ್ಟ್ರೀಯ ಸಾಫ್ಟ್‌ಬಾಲ್‌ನಲ್ಲಿ ಲೀಪ್ ಬಹಳ ಹಿಂದಿನಿಂದಲೂ ಇತ್ತು. ಹಾಗಾಗಿ ಎದುರು ತಂಡದ ಹುಡುಗಿ ಹಾರಿ, ಗಾಳಿಯಲ್ಲೇ ತೋಳು ಸುತ್ತಿಸಿ, ಎಡಗಾಲು ನೆಲಕ್ಕೆ ಬಡಿಯುವ ಹೊತ್ತಿಗೆ ಚೆಂಡು ಬಿಟ್ಟಳು. ಅವಳು ತಳ್ಳಿದ್ದು ಒಂದೇ ಸಲ, ಅದೂ ರಬ್ಬರಿನಿಂದಲೇ. ನಿಯಮದೊಳಗೇ ಇದ್ದಾಳೆ.

ಈಗ ನಿಮ್ಮ ಮಗಳ ಕಾಲನ್ನು ನೋಡೋಣ. ವಿಡಿಯೊದ ಮೊದಲ ಪಿಚ್ ಹಾಕಿ, ಅವಳ ಮುಖ, ಕೈ, ಚೆಂಡು ಎಲ್ಲ ಬಿಟ್ಟು ರಬ್ಬರಿನ ಮುಂದಿನ ಮಣ್ಣನ್ನಷ್ಟೇ ನೋಡಿ. ಅವಳು ರಬ್ಬರ್ ಒದ್ದಾಗ ಸಣ್ಣಗೆ ಧೂಳೆದ್ದಿತು. ಅದು ಸರಿ. ಆಮೇಲೆ ಬಲಗಾಲು ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಮುಂದೆ ಬಂದು ಇಳಿಯಿತು. ಬೆರಳು ಸವರಿಕೊಂಡು ಹೋಗಲಿಲ್ಲ, ಇಡೀ ಅಂಗಾಲು ಕೂತಿತು. ಮೊಣಕಾಲು ಬಾಗಿತು, ತಲೆ ನಾಲ್ಕು ಬೆರಳಷ್ಟು ಕೆಳಗಿಳಿದು ಮತ್ತೆ ಮೇಲೆದ್ದಿತು. ಆಗ ಎರಡನೇ ಸಲ ಧೂಳೆದ್ದಿತು, ಮೊದಲಿಗಿಂತ ದಟ್ಟವಾಗಿ, ಹಿಂದಕ್ಕೆ ಚಿಮ್ಮಿಕೊಂಡು. ಎರಡು ಸಲ ಧೂಳೆದ್ದರೆ ಎರಡು ಸಲ ತಳ್ಳಿದ್ದಾಳೆ. ಎರಡನೇ ಪಿಚ್‌ನಲ್ಲೂ ಹೀಗೆಯೇ. ಧ್ವನಿ ಜೋರು ಮಾಡಿದರೆ ಕೇಳಿಸುತ್ತದೆ ಕೂಡ. ಸರಿಯಾಗಿ ಎಳೆದುಕೊಂಡು ಬಂದ ಕಾಲಿನ ಸದ್ದು ‘ಸರ್ರ್’ ಎಂದು ಒಂದೇ ಉದ್ದನೆಯ ಗೀರು. ಇವಳದ್ದು ‘ಟಪ್... ಚರಕ್’ ಎಂದು ಎರಡು ತುಂಡು.

ಇಷ್ಟು ಚಿಕ್ಕ ಕುಪ್ಪಳಿಕೆಗೆ ಇಷ್ಟು ದೊಡ್ಡ ರಂಪ ಏಕೆ ಎಂದು ನಿಮಗೆ ಅನ್ನಿಸಬಹುದು. ಲೆಕ್ಕ ಮಾಡಿ ನೋಡಿ. ಗಂಟೆಗೆ 65 ಮೈಲಿ, ಎಂದರೆ ಸುಮಾರು 105 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ 95 ಅಡಿ ಸಾಗುತ್ತದೆ. ಪಿಚರ್ ಮುಂದೆ ಚಾಚಿ ಚೆಂಡು ಬಿಡುವುದರಿಂದ ನಿಜವಾದ ದೂರ 43 ಅಡಿಯಲ್ಲ, ಆರಡಿ ಕಳೆದು 37 ಎಂದಿಟ್ಟುಕೊಳ್ಳಿ. ಬ್ಯಾಟರ್‌ಗೆ ಸಿಗುವ ಸಮಯ 0.39 ಸೆಕೆಂಡ್. ಮತ್ತೆ ಕಾಲೂರಿ ಇನ್ನೊಂದು ಅಡಿ ಮುಂದೆ ಬಂದರೆ ಅದರಲ್ಲಿ ಸೆಕೆಂಡಿನ ನೂರನೇ ಒಂದು ಭಾಗ ಹೋಯಿತು. ಚೆಂಡಿನ ವೇಗವನ್ನು ಸುಮಾರು 2 ಮೈಲಿ ಹೆಚ್ಚಿಸಿದ್ದಕ್ಕೆ ಇದು ಸಮ. ಎರಡನೇ ತಳ್ಳುವಿಕೆಯಿಂದ ಮೈಗೆ ಸಿಗುವ ವೇಗ ಬೇರೆ. ಒಬ್ಬ ಪಿಚರ್ ಚಳಿಗಾಲವಿಡೀ ಬೆವರು ಸುರಿಸಿ ಗಳಿಸುವುದು ಇಂಥದೇ 2 ಮೈಲಿಯನ್ನು. ಅಮೆರಿಕದ ಪಿಚರ್ ಮೋನಿಕಾ ಅಬಾಟ್ 2012ರಲ್ಲಿ 77 ಮೈಲಿ ವೇಗದ ಪಿಚ್ ಮಾಡಿದ್ದರು. ಟೆನೆಸ್ಸಿ ವಿಶ್ವವಿದ್ಯಾಲಯದ ಕಾರ್ಲಿನ್ ಪಿಕೆನ್ಸ್ 2025ರಲ್ಲಿ 78 ದಾಟಿಸಿದರು. ಹದಿಮೂರು ವರ್ಷಕ್ಕೆ ಇಷ್ಟು. ಆ ವೇಗದಲ್ಲಿ ಬ್ಯಾಟರ್‌ಗೆ ಉಳಿಯುವುದು ಸೆಕೆಂಡಿನ ಮೂರನೇ ಒಂದು ಭಾಗ ಮಾತ್ರ. ಅಲ್ಲಿ ಒಂದು ಗೇಣು ಮಣ್ಣೂ ದೊಡ್ಡ ಜಮೀನೇ. ಎಲ್ಲರೂ ಒಂದೇ ಗೆರೆಯಿಂದ ತಳ್ಳಬೇಕು ಎಂಬುದಕ್ಕೇ ಆ ರಬ್ಬರ್ ಅಲ್ಲಿರುವುದು.

ಲೀಪ್‌ಗೆ ಬಿಟ್ಟುಕೊಟ್ಟಾಗ ನನಗೆ ಮೊದಮೊದಲು ಸಿಟ್ಟು ಬಂದಿತ್ತು. ಎರಡು ತಲೆಮಾರಿನ ಹುಡುಗಿಯರಿಗೆ ಕಾಲೆಳೆಯಲು ಕಲಿಸಿದ ಮೇಲೆ ಇದೇನು ಎಂದು. ಈಗ ಆ ಬದಲಾವಣೆ ಸರಿ ಎನ್ನುತ್ತೇನೆ, ಏಕೆಂದರೆ ಹಳೆಯ ನಿಯಮವನ್ನು ನ್ಯಾಯವಾಗಿ ಜಾರಿ ಮಾಡುವುದು ಯಾರ ಕೈಯಲ್ಲೂ ಆಗುತ್ತಿರಲಿಲ್ಲ. ರಬ್ಬರಿನ ಮುಂದೆ ಎರಡನೇ ಇನ್ನಿಂಗ್ ಹೊತ್ತಿಗೇ ಗುಂಡಿ ಬಿದ್ದಿರುತ್ತದೆ. ಗುಂಡಿಯ ಅಂಚಿನಿಂದ ಅಂಚಿಗೆ ಪಾದ ಹೋಗುವಾಗ ಅದು ನೆಲಮಟ್ಟದಲ್ಲೇ ಇದ್ದರೂ ಕೆಳಗೆ ಮಣ್ಣಿಲ್ಲ. ಅದನ್ನು ಹಾರಿದ್ದು ಎನ್ನಬೇಕೋ ಬೇಡವೋ? ಅರವತ್ತು ಅಡಿ ದೂರ ನಿಂತವನು ಅರ್ಧ ಅಂಗುಲದ ಅಂತರವನ್ನು ಕಣ್ಣಳತೆಯಲ್ಲಿ ಹೇಳಬೇಕಿತ್ತು. ಟಿ.ವಿ.ಯಲ್ಲಿ ಸೆಕೆಂಡಿಗೆ 60 ಚಿತ್ರ ತೋರಿಸಿ, ಒಂದು ಚಿತ್ರವನ್ನು ನಿಲ್ಲಿಸಿ, ‘ನೋಡಿ, ಕಾಲು ಮೇಲಿದೆ’ ಎನ್ನುವುದು ಸುಲಭ. ಮೈದಾನದಲ್ಲಿ ನಿಂತ ಅಂಪೈರ್‌ಗೆ ಆ ಒಂದು ಚಿತ್ರ ಸೆಕೆಂಡಿನ ಅರವತ್ತನೇ ಒಂದು ಭಾಗ. ಹೀಗಾಗಿ ಹತ್ತು ಹುಡುಗಿಯರು ಹಾರುತ್ತಿದ್ದರು, ಒಬ್ಬಳಿಗೆ ಶಿಕ್ಷೆಯಾಗುತ್ತಿತ್ತು. ಆ ಒಬ್ಬಳು ಯಾರಾಗುತ್ತಾಳೆ ಎಂಬುದು ಅವತ್ತು ಯಾವ ಅಂಪೈರ್ ಬಂದಿದ್ದಾರೆ ಎಂಬುದರ ಮೇಲೆ ನಿಂತಿರುತ್ತಿತ್ತು.

ಆದರೆ ಬದಲಾವಣೆಯ ಇನ್ನೊಂದು ಮುಖವನ್ನು ಬಹಳ ಜನ ಗಮನಿಸಿಲ್ಲ. ಮೊದಲು ಲೀಪ್, ಕ್ರೋ ಹಾಪ್ ಎರಡೂ ತಪ್ಪಾಗಿದ್ದವು. ಕಾಲು ನೆಲ ಬಿಟ್ಟದ್ದು ಕಂಡರೆ ಸಾಕಿತ್ತು, ಆಮೇಲೆ ಏನಾಯಿತು ಎಂದು ಬಿಡಿಸಿ ನೋಡುವ ಅಗತ್ಯವೇ ಇರಲಿಲ್ಲ. ಈಗ ನೆಲ ಬಿಟ್ಟದ್ದು ಸರಿ, ಇಳಿದದ್ದು ಹೇಗೆ ಎಂಬುದೇ ಪ್ರಶ್ನೆ. ಹಾರಿದ ಕಾಲು ಎಲ್ಲೋ ಒಂದು ಕಡೆ ಇಳಿಯಲೇಬೇಕಲ್ಲ? ಚೆಂಡು ಬಿಡುವ ಹೊತ್ತಿಗೆ ಮಣ್ಣು ಸವರಿದರೆ ಸರಿ, ಮೊದಲೇ ಇಳಿದು ಭಾರ ಹೊತ್ತು ತಳ್ಳಿದರೆ ತಪ್ಪು. ಕಾಲು ಮಣ್ಣು ಮುಟ್ಟಿದ್ದೇ ರೀಪ್ಲಾಂಟ್ ಎಂದು ಕೆಲವರು ಕೂಗಿಬಿಡುತ್ತಾರೆ. ಇನ್ನು ಕೆಲವರು ‘ಈಗ ಎಲ್ಲ ನಡೆಯುತ್ತದೆ’ ಎಂದು ಕಾಲಿನ ಕಡೆ ನೋಡುವುದನ್ನೇ ಬಿಟ್ಟಿದ್ದಾರೆ. ನಿಮ್ಮ ಮಗಳ ಹನ್ನೊಂದು ಪಂದ್ಯಗಳು ಈ ಎರಡನೇ ಗುಂಪಿನ ಕೈಗೆ ಸಿಕ್ಕಿರಬೇಕು ಎಂದು ನನ್ನ ಊಹೆ.

ಅಂಪೈರ್ ಎಲ್ಲಿ ನಿಲ್ಲುತ್ತಾರೆ ಎಂಬುದನ್ನೂ ಹೇಳಬೇಕು, ಪತ್ರ ಬರೆಯುವವರು ಯಾರೂ ಇದನ್ನು ಕೇಳುವುದಿಲ್ಲ. ಬಲಗೈ ಪಿಚರ್ ತೋಳು ಸುತ್ತಿಸುವಾಗ ಅವಳ ಎದೆ ಮೂರನೇ ಬೇಸಿನ ಕಡೆಗೆ ತೆರೆದುಕೊಳ್ಳುತ್ತದೆ. ಮೊದಲನೇ ಬೇಸಿನ ಕಡೆ ನಿಂತವರಿಗೆ ಅವಳ ಬೆನ್ನು ಕಾಣುತ್ತದೆ, ಪಿವಟ್ ಕಾಲು ಮುಂದಿಟ್ಟ ಎಡಗಾಲಿನ ಮರೆಗೆ ಹೋಗುತ್ತದೆ. ಬ್ಯಾಟರ್ ಹಿಂದೆ ಚೆಂಡು ಹಿಡಿಯುವ ಕ್ಯಾಚರ್‌ಗೂ ಹಿಂದೆ ಬಾಗಿ ನಿಂತ ಪ್ಲೇಟ್ ಅಂಪೈರ್ ಚೆಂಡು ನೋಡಬೇಕು, ಸ್ಟ್ರೈಕ್ ವಲಯ ನೋಡಬೇಕು. ನೇರ ಎದುರಿನಿಂದ ಎಡಗಾಲು ಗೆರೆ ದಾಟಿತೇ ಎಂದು ಹೇಳಬಹುದು, ಬಲಗಾಲು ಎಷ್ಟು ಮುಂದೆ ಬಂತು ಎಂದು ಹೇಳಲಾಗದು. ಪಿವಟ್ ಕಾಲು ಚೆನ್ನಾಗಿ ಕಾಣುವುದು ಮೂರನೇ ಬೇಸಿನವರಿಗೆ. ಕಾಲೇಜು ಪಂದ್ಯಕ್ಕೆ ಸಾಮಾನ್ಯವಾಗಿ ಮೂವರು ಅಂಪೈರ್‌ಗಳಿರುತ್ತಾರೆ, ಸಣ್ಣ ಪಂದ್ಯಗಳಿಗೆ ಇಬ್ಬರೇ. ಇಬ್ಬರಿದ್ದಾಗ ಬೇಸಿನ ಅಂಪೈರ್ ಮೊದಲನೇ ಬೇಸಿನ ಗೆರೆಯ ಬಳಿ ನಿಲ್ಲುತ್ತಾರೆ. ಓಟಗಾರ್ತಿ ಬೇಸಿಗೆ ಬಂದ ಕೂಡಲೇ ಪಿಚರ್‌ನ ಹಿಂಬದಿಗೆ, ಒಳಮೈದಾನದ ಆಟಗಾರ್ತಿಯರ ಸಾಲಿಗೆ ಸರಿಯುತ್ತಾರೆ. ಅಲ್ಲಿಂದ ಕಾಲು ಮುಂದಕ್ಕೆ ಹೋದದ್ದರ ಅಳತೆ ಸಿಗುವುದೇ ಇಲ್ಲ. ಬೇಸಿನಲ್ಲಿ ಜನವಿದ್ದು ಆಟ ಬಿಗಿಯಾದ ಹೊತ್ತಿಗೆ ಸರಿಯಾಗಿ ಅಂಪೈರ್‌ನ ಕಣ್ಣು ಕೆಟ್ಟ ಜಾಗಕ್ಕೆ ಹೋಗಿಬಿಡುತ್ತದೆ. ನಿಮ್ಮ ಮಗಳ ಹಿಂದಿನ ಪಂದ್ಯಗಳಲ್ಲಿ ಮೂರನೇ ಬೇಸಿನಲ್ಲಿ ಅಂಪೈರ್ ಇದ್ದರೇ ಎಂದು ನೆನಪು ಮಾಡಿಕೊಳ್ಳಿ. ಇರಲಿಲ್ಲ ಎಂದಾದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಉಳಿದ ಅರ್ಧ ಧೈರ್ಯದ್ದು. ಇಲ್ಲೀಗಲ್ ಪಿಚ್ ಕಂಡಾಗ ಅಂಪೈರ್ ಎಡತೋಳನ್ನು ಮುಷ್ಟಿ ಕಟ್ಟಿ ಪಕ್ಕಕ್ಕೆ ಚಾಚುತ್ತಾರೆ. ಆಟ ಅಲ್ಲಿಗೇ ನಿಲ್ಲುವುದಿಲ್ಲ. ಬ್ಯಾಟರ್ ಹೊಡೆದು ಮೊದಲನೇ ಬೇಸು ಸೇರಿ, ಉಳಿದ ಓಟಗಾರ್ತಿಯರೂ ಕನಿಷ್ಠ ಒಂದೊಂದು ಬೇಸು ಮುಂದೆ ಹೋದರೆ ಆ ತಪ್ಪು ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಬ್ಯಾಟರ್ ಲೆಕ್ಕಕ್ಕೆ ಒಂದು ‘ಬಾಲ್’ (ಇಂಥವು ನಾಲ್ಕಾದರೆ ಅವಳಿಗೆ ಮೊದಲನೇ ಬೇಸು ಸಿಗುತ್ತದೆ). ಇದರ ಜೊತೆಗೆ ಬೇಸಿನಲ್ಲಿದ್ದವರೆಲ್ಲ ಒಂದು ಬೇಸು ಮುಂದೆ ಹೋಗುವ ಶಿಕ್ಷೆಯೂ ಬಹಳ ವರ್ಷ ಇತ್ತು. ಮೂರನೇ ಬೇಸಿನಲ್ಲಿ ಓಟಗಾರ್ತಿ, ಸ್ಕೋರು ಸಮ, ಏಳನೇ ಎಂದರೆ ಕೊನೆಯ ಇನ್ನಿಂಗ್. ಅಂಪೈರ್ ಬಾಯಿ ತೆರೆದರೆ ಅವಳು ಹೋಮ್ ತಲುಪಿ ರನ್ ಆಯಿತು, ಚೆಂಡು ಬ್ಯಾಟಿಗೆ ತಾಗದೆಯೇ ಪಂದ್ಯ ಮುಗಿಯಿತು. ‘ಪಂದ್ಯವನ್ನು ಆಟಗಾರ್ತಿಯರೇ ನಿರ್ಧರಿಸಲಿ’ ಎಂಬ ಮಾತು ಅಂಪೈರ್‌ಗಳ ಕೋಣೆಯಲ್ಲಿ ನಾನು ಕೇಳಿದಷ್ಟು ಬೇರೆ ಯಾವ ಮಾತನ್ನೂ ಕೇಳಿಲ್ಲ. ಆ ಮಾತಿನ ಹಿಂದೆ ಒಳ್ಳೆಯ ಮನಸ್ಸಿದೆ. ಆದರೆ ನೂರನೇ ಒಂದು ಸೆಕೆಂಡು ಕಳೆದುಕೊಂಡ ಬ್ಯಾಟರ್ ಕೂಡ ಆಟಗಾರ್ತಿಯೇ. ಸುಮ್ಮನಿದ್ದ ಅಂಪೈರ್ ಅವಳ ವಿರುದ್ಧ ನಿರ್ಧಾರ ಕೊಟ್ಟಾಗಿದೆ. ಶಿಕ್ಷೆ ದೊಡ್ಡದಾದಷ್ಟೂ ಅದನ್ನು ಕೊಡುವ ಕೈ ಹಿಂಜರಿಯುತ್ತದೆ. ಹಾಗಾಗಿ ಕೆಲವು ನಿಯಮಪುಸ್ತಕಗಳು ಓಟಗಾರ್ತಿಯರನ್ನು ಮುಂದೆ ಕಳಿಸುವ ಭಾಗವನ್ನು ಕೈಬಿಟ್ಟದ್ದು ನನಗೆ ಸರಿ ಕಾಣುತ್ತದೆ.

ಇದನ್ನು ಬೇರೆಯವರ ಮೇಲೆ ಹೊರಿಸಿ ನಾನು ತಪ್ಪಿಸಿಕೊಳ್ಳಲಾರೆ. ಕರ್ನಾಟಕದಲ್ಲಿ ದೈಹಿಕ ಶಿಕ್ಷಣ ಓದುವಾಗ ಈ ಆಟ ಕಲಿತವನು ನಾನು. ಕೆಂಪು ಮಣ್ಣಿನ ಮೈದಾನದಲ್ಲಿ ರಬ್ಬರಿನ ಬದಲು ಮರದ ಹಲಗೆ ಹೂತು ಆಡುತ್ತಿದ್ದೆವು. ಅಮೆರಿಕಕ್ಕೆ ಬಂದ ಮೇಲೆ ಇಪ್ಪತ್ತು ವರ್ಷ ಅಂಪೈರಿಂಗ್ ಮಾಡಿದೆ. ಮೂರನೇ ವರ್ಷವಿರಬೇಕು, ಎರಡು ಕಾಲೇಜುಗಳ ಪಂದ್ಯ. ಮೊದಲ ಇನ್ನಿಂಗ್‌ನ ನಾಲ್ಕನೇ ಚೆಂಡಿನಲ್ಲೇ ಒಬ್ಬ ಪಿಚರ್ ಮತ್ತೆ ಕಾಲೂರುವುದು ಕಂಡಿತು. ಅವಳ ತಂಡದ ಕೋಚ್ ಹಿರಿಯರು, ಊರೆಲ್ಲ ಗೌರವಿಸುವವರು. ಇನ್ನೊಂದು ಸಲ ನೋಡೋಣ ಎಂದುಕೊಂಡೆ. ಆ ಇನ್ನೊಂದು ಸಲ ಆರು ಇನ್ನಿಂಗ್ ಎಳೆಯಿತು. ಏಳನೆಯದರಲ್ಲಿ ಎದುರು ಕೋಚ್ ಬಂದು, ‘ಅವಳ ಕಾಲು ನೋಡುತ್ತಿದ್ದೀರಾ?’ ಎಂದು ಮೆಲ್ಲಗೆ ಕೇಳಿದರು. ಮುಂದಿನ ಚೆಂಡಿಗೇ ನನ್ನ ಎಡತೋಳು ಮೇಲೆದ್ದಿತು. ಮೂರನೇ ಬೇಸಿನಿಂದ ಓಟಗಾರ್ತಿ ನಡೆದುಕೊಂಡು ಹೋಮ್ ತಲುಪಿದಳು, ಪಂದ್ಯ ಮುಗಿಯಿತು. ಆ ಹುಡುಗಿ ನನ್ನ ಹತ್ತಿರ ಬಂದು ಅಳಲಿಲ್ಲ, ಕೂಗಾಡಲೂ ಇಲ್ಲ. ‘ಸರ್, ಇಷ್ಟು ಹೊತ್ತೂ ಹೀಗೇ ಎಸೆದೆನಲ್ಲ, ಆಗ ಯಾಕೆ ಹೇಳಲಿಲ್ಲ?’ ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ. ಕರೆ ನಿಯಮದ ಪ್ರಕಾರ ಸರಿಯಾಗಿತ್ತು. ಅವಳ ಪ್ರಶ್ನೆಯೂ ಸರಿಯಾಗಿತ್ತು. ನಿಮ್ಮ ಪತ್ರ ಓದುವಾಗ ನನಗೆ ಅವಳ ಮುಖವೇ ಕಣ್ಣಮುಂದೆ ಬಂತು.

ಕ್ರಿಕೆಟ್ ನೋಡುವವರಿಗೆ ಇದು ಹೊಸತಲ್ಲ. 2021ರ ಡಿಸೆಂಬರ್‌ನಲ್ಲಿ ಬ್ರಿಸ್ಬೇನ್ ಟೆಸ್ಟ್‌ನಲ್ಲಿ ಬೆನ್ ಸ್ಟೋಕ್ಸ್ ಡೇವಿಡ್ ವಾರ್ನರ್‌ರನ್ನು ಬೌಲ್ಡ್ ಮಾಡಿದರು. ಪರಿಶೀಲಿಸಿದರೆ ನೋಬಾಲ್. ಆಮೇಲೆ ಟಿ.ವಿ.ಯವರು ಹಿಂದಿನ ಚೆಂಡುಗಳನ್ನು ತೆಗೆದು ನೋಡಿದರು: ಅದೇ ಓವರಿನ ಮೊದಲ ಮೂರು ಚೆಂಡುಗಳಲ್ಲೂ ಸ್ಟೋಕ್ಸ್ ಗೆರೆ ದಾಟಿದ್ದರು, ಯಾರೂ ಹೇಳಿರಲಿಲ್ಲ. ಪ್ರತಿ ಚೆಂಡನ್ನೂ ನೋಡಬೇಕಿದ್ದ ತಂತ್ರಜ್ಞಾನ ಆ ಪಂದ್ಯದಲ್ಲಿ ಕೆಲಸ ಮಾಡುತ್ತಿರಲಿಲ್ಲ. ಮೊದಲ ಚೆಂಡಿಗೇ ಕೂಗಿದ್ದರೆ ಸ್ಟೋಕ್ಸ್ ಒಂದು ಹೆಜ್ಜೆ ಹಿಂದಿನಿಂದ ಓಡಿಬರುತ್ತಿದ್ದರು, ಆ ವಿಕೆಟ್ ಅವರಿಗೆ ದಕ್ಕುತ್ತಿತ್ತೋ ಏನೋ. ಬೌಲರ್‌ಗೆ ತನ್ನ ಕಾಲು ಕಾಣುವುದಿಲ್ಲ, ಪಿಚರ್‌ಗೂ ಕಾಣುವುದಿಲ್ಲ. ಇಬ್ಬರೂ ಬ್ಯಾಟರ್ ಕಡೆ ನೋಡುತ್ತಿರುತ್ತಾರೆ. ಮೊದಲ ಸಲ ಕೂಗುವ ಅಂಪೈರ್ ಶಿಕ್ಷಕನ ಕೆಲಸ ಮಾಡುತ್ತಾನೆ ಎಂದು ನಾನು ಹೊಸ ಅಂಪೈರ್‌ಗಳಿಗೆ ಹೇಳುವುದು ಇದಕ್ಕೇ. ಮೊದಲ ಇನ್ನಿಂಗ್‌ನಲ್ಲಿ, ಬೇಸು ಖಾಲಿ ಇರುವಾಗ, ಒಂದು ‘ಬಾಲ್’ ಅಷ್ಟೇ ನಷ್ಟವಾಗುವಾಗ ಕೂಗಿ. ಹಾಗೆ ಕೂಗಿದವರಿಗೆ ಏಳನೆಯದರಲ್ಲಿ ಕೂಗುವ ಹಕ್ಕಿರುತ್ತದೆ. ಮೊದಲು ಸುಮ್ಮನಿದ್ದವರಿಗೂ ನಿಯಮಪುಸ್ತಕ ಆ ಅಧಿಕಾರ ಕೊಡುತ್ತದೆ, ಆದರೆ ಆ ಹುಡುಗಿಯ ಮುಖ ನೋಡಿ ಮಾತಾಡುವ ಧೈರ್ಯ ಕೊಡುವುದಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ, ಏನು ಮಾಡಬೇಕು.

ದೂರು ಬರೆಯಬೇಡಿ. ಬರೆಯುವುದಿದ್ದರೆ ತಂಡದ ಕೋಚ್ ಬರೆಯಲಿ, ಅದೂ ಆ ಮೂರು ಕರೆಗಳ ಬಗ್ಗೆ ಅಲ್ಲ. ಲೀಗಿನ ಅಂಪೈರ್‌ಗಳ ಸಂಯೋಜಕರಿಗೆ ಹಳೆಯ ಎರಡು ಪಂದ್ಯದ ತುಣುಕು, ಈ ಪಂದ್ಯದ ತುಣುಕು ಎರಡನ್ನೂ ಕಳಿಸಿ, ‘ಇವುಗಳಲ್ಲಿ ಯಾವುದು ಸರಿ, ನಮ್ಮ ಪಿಚರ್‌ಗೆ ಏನು ಹೇಳಲಿ?’ ಎಂದು ಕೇಳಲಿ. ಈ ಪ್ರಶ್ನೆಗೆ ಉತ್ತರ ಬರುತ್ತದೆ. ಆಪಾದನೆಯ ಧಾಟಿಯಲ್ಲಿ ಬರೆದರೆ ಬರುವುದಿಲ್ಲ. ಉತ್ತರದ ಜೊತೆಗೆ ಇತರ ಅಂಪೈರ್‌ಗಳಿಗೂ ಒಂದು ಸೂಚನೆ ಹೋಗುತ್ತದೆ, ನಿಮ್ಮ ಮಗಳ ಹಾಗೆ ಏನೂ ತಿಳಿಯದೆ ಎಸೆಯುತ್ತಿರುವ ಇನ್ನೊಬ್ಬಳಿಗೆ ಅದರಿಂದ ಸಹಾಯವಾಗುತ್ತದೆ. ಪಂದ್ಯ ನಡೆಯುವಾಗ ಬೇಲಿಯ ಹಿಂದಿನಿಂದ ತಂದೆತಾಯಿ ಕೂಗುವುದಂತೂ ಬೇಡವೇ ಬೇಡ. ಅದರಿಂದ ಮೊದಲು ಕುಗ್ಗುವವಳು ವೃತ್ತದೊಳಗೆ ನಿಂತ ಮಗಳು.

ಕಾಲನ್ನು ಸರಿ ಮಾಡಲು ಎರಡು ದಾರಿಯಿದೆ: ಹಳೆಯ ಹಾಗೆ ಬೆರಳು ಎಳೆದುಕೊಂಡು ಬರುವುದು, ಅಥವಾ ಪೂರ್ತಿ ಲೀಪ್ ಕಲಿಯುವುದು. ಹಾರುವುದು ಈಗ ಸರಿ ಎಂದ ಮಾತ್ರಕ್ಕೆ ಎಲ್ಲರೂ ಹಾರಲು ಹೊರಟಿದ್ದಾರೆ. ಋತುವಿನ ನಡುವೆ ಇದು ಬೇಡ ಎಂದು ನನ್ನ ಸಲಹೆ. ಲೀಪ್‌ಗೆ ಮೈಯ ಸಮತೋಲವೇ ಬೇರೆ, ಚೆಂಡು ಬಿಡುವ ಕ್ಷಣವೂ ಬದಲಾಗುತ್ತದೆ, ಅರೆಬರೆ ಕಲಿತ ಲೀಪ್ ಮತ್ತೆ ಕ್ರೋ ಹಾಪ್ ಆಗಿಯೇ ಇಳಿಯುತ್ತದೆ. ಅವಳಿಗೆ ಎಳೆಯುವುದು ಚಿಕ್ಕಂದಿನಿಂದ ಗೊತ್ತು, ಎಲ್ಲೋ ದಾರಿಯಲ್ಲಿ ತಪ್ಪಿದೆ. ಎಲ್ಲಿ ತಪ್ಪಿತು ಎಂಬುದೂ ವಿಡಿಯೊದಲ್ಲಿ ಕಾಣುತ್ತದೆ: ರಬ್ಬರಿನ ಮುಂದಿನ ಗುಂಡಿಯನ್ನು ಅವಳು ದಾಟಿ ಇಳಿಯುತ್ತಿದ್ದಾಳೆ. ಗುಂಡಿಯಲ್ಲಿ ಕಾಲು ಸಿಕ್ಕಿಬೀಳುತ್ತದೆ ಎಂದು ಪಾದ ಎತ್ತುವ ಅಭ್ಯಾಸ ಬಹಳ ಪಿಚರ್‌ಗಳಿಗೆ ಹೀಗೆಯೇ ಅಂಟುತ್ತದೆ. ಪ್ರತಿ ಇನ್ನಿಂಗ್ ಶುರುವಾಗುವ ಮೊದಲು ಶೂವಿನಿಂದ ಮಣ್ಣು ತಳ್ಳಿ, ಗುಂಡಿ ಮುಚ್ಚಿ, ಒದ್ದು ಗಟ್ಟಿ ಮಾಡಿಕೊಳ್ಳಲಿ. ಹತ್ತು ಸೆಕೆಂಡಿನ ಕೆಲಸ.

ಅಭ್ಯಾಸಕ್ಕೆ ನಾನು ಹೇಳಿಕೊಡುವುದು ಇಷ್ಟೇ. ರಬ್ಬರಿನ ಮುಂದೆ ಮೂರಡಿ ಉದ್ದಕ್ಕೆ ಒಣ ಮಣ್ಣು ಅಥವಾ ಸಣ್ಣ ಮರಳು ಹರಡಿ, ಹಲಗೆಯಿಂದ ಸವರಿ ಸಮ ಮಾಡಿ. ಒಂದು ಪಿಚ್ ಎಸೆದು ತಿರುಗಿ ನೋಡಲಿ. ರಬ್ಬರಿನಿಂದ ಹೊರಟ ಗೀರು ತುಂಡಾಗದೆ ಇಂಗ್ಲಿಷಿನ ಏಳರ ಬಾಲದ ಹಾಗೆ ಬಾಗಿ ಬಂದಿದ್ದರೆ ಸರಿ. ನಡುವೆ ಖಾಲಿ ಜಾಗವಿದ್ದು, ಅದರಾಚೆ ಅಂಗಾಲಿನ ಅಚ್ಚು ಕೂತಿದ್ದರೆ ಮತ್ತೆ ಕಾಲೂರಿದ್ದಾಳೆ. ಮತ್ತೆ ಸವರಿ, ಮತ್ತೊಂದು. ಮೊದಲ ವಾರ ಅರ್ಧ ವೇಗದಲ್ಲಿ, ಕ್ಯಾಚರ್ ಇಲ್ಲದೆ ಬಲೆಗೆ ಎಸೆಯಲಿ. ಎರಡನೇ ವಾರ ಪೂರ್ತಿ ವೇಗದಲ್ಲಿ. ದಣಿದಾಗಲೇ 20 ಪಿಚ್ ಮಾಡಿಸಿ, ಏಕೆಂದರೆ ಅವಳ ಹಳೆಯ ಕಾಲು ಹೊರಬಂದದ್ದು ಆರನೇ ಇನ್ನಿಂಗ್‌ನಲ್ಲಿ. ವೇಗ ಒಂದೆರಡು ಮೈಲಿ ಇಳಿಯುತ್ತದೆ. ಅವಳಿಗೆ ಇದನ್ನು ಮೊದಲೇ ಹೇಳಿಬಿಡಿ, ರಾಡಾರ್ ಗನ್ ಕೆಲವು ದಿನ ಕಪಾಟಿನಲ್ಲಿರಲಿ.

ಇನ್ನೊಂದು. ಮುಂದಿನ ಪಂದ್ಯದ ಮೊದಲು ಕೋಚ್‌ಗಳೂ ಅಂಪೈರ್‌ಗಳೂ ಹೋಮ್ ಪ್ಲೇಟಿನ ಬಳಿ ಸೇರುತ್ತಾರಲ್ಲ, ಆಗ ನಿಮ್ಮ ಕೋಚ್ ಒಂದು ಮಾತು ಹೇಳಲಿ: ‘ನಮ್ಮ ಪಿಚರ್ ಕಾಲು ತಿದ್ದಿಕೊಳ್ಳುತ್ತಿದ್ದಾಳೆ. ತಪ್ಪು ಕಂಡರೆ ಮೊದಲ ಇನ್ನಿಂಗ್‌ನಲ್ಲೇ ಹೇಳಿ.’ ಇದನ್ನು ಕೇಳಿದ ಅಂಪೈರ್‌ನ ಕಣ್ಣು ಆ ಕಾಲಿನ ಮೇಲಿರುತ್ತದೆ ಎಂದು ಕೆಲವು ಕೋಚ್‌ಗಳು ಹೆದರುತ್ತಾರೆ. ಇರಲಿ ಬಿಡಿ. ಅಲ್ಲಿ ಹೋಗುವುದು ಒಂದು ‘ಬಾಲ್’. ಇದೇ ಕರೆ ಮೇ ತಿಂಗಳ ಟೂರ್ನಿಯಲ್ಲಿ ಬಂದರೆ ಹೋಗುವುದು ಒಂದು ಋತು. ಒಕ್ಲಹಾಮಾ ಸಿಟಿಯ ಡೆವನ್ ಪಾರ್ಕ್‌ನಲ್ಲಿ ನಡೆಯುವ ಕಾಲೇಜು ವಿಶ್ವ ಸರಣಿಯವರೆಗೂ ತಿದ್ದದ ಕಾಲಿನಲ್ಲೇ ಬಂದು, ಸಾವಿರಾರು ಜನರ ಎದುರು, ಟಿ.ವಿ. ಕ್ಯಾಮೆರಾದ ಮುಂದೆ ಮೊದಲ ಸಲ ಆ ಎಡತೋಳು ಚಾಚಿದ್ದನ್ನು ನೋಡುವ ಗತಿ ಯಾವ ಹುಡುಗಿಗೂ ಬರಬಾರದು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಸಾಫ್ಟ್‌ಬಾಲ್ ಕೂಡ ಅದೇ ಮೈದಾನದಲ್ಲಿ ನಡೆಯಲಿದೆ. ಈಗ ಮೊದಲ ವರ್ಷದಲ್ಲಿರುವ ಮಕ್ಕಳೆಲ್ಲ ಆ ಮಣ್ಣಿನ ಕನಸು ಕಾಣುವವರೇ.

ಮಗಳಿಗೆ ಈ ಪತ್ರ ಓದಿ ಹೇಳಿ. ಅವಳು ಮೋಸ ಮಾಡಿಲ್ಲ, ಅವಳಿಗೆ ಯಾರೂ ಹೇಳಿರಲಿಲ್ಲ. ಎರಡು ವಾರ ಮರಳಿನ ಮೇಲೆ ಅಭ್ಯಾಸ ಮಾಡಿದ ಮೇಲೆ ಇನ್ನೊಂದು ವಿಡಿಯೊ ಕಳಿಸಿ. ಗ್ಯಾಲರಿಯಿಂದ ಬೇಡ. ಮೂರನೇ ಬೇಸಿನ ಕಡೆ, ಬೇಲಿಗೆ ತಾಗಿ ಕೂತು, ಮೊಬೈಲನ್ನು ಮೊಣಕಾಲಿನ ಎತ್ತರದಲ್ಲಿ ಹಿಡಿದು, ನಿಧಾನಗತಿಯಲ್ಲಿ ತೆಗೆಯಿರಿ. ಚೆಂಡಿನ ಹಿಂದೆ ಓಡಬೇಡಿ, ರಬ್ಬರ್ ಮತ್ತು ಅದರ ಮುಂದಿನ ನಾಲ್ಕು ಅಡಿ ಮಣ್ಣು ಚಿತ್ರದಲ್ಲಿದ್ದರೆ ನನಗೆ ಸಾಕು. ಕೋಚ್ ಅಡ್ಡ ಬಾರದ ಜಾಗ ನೋಡಿಕೊಳ್ಳಿ.